ಮುಚ್ಚಳ ಹಾಕುವ ಮೊದಲು: ಮಳೆಗಾಲಕ್ಕೆ ದವಸಧಾನ್ಯ ಜೋಪಾನ ಮಾಡುವ ಕ್ರಮ

ಮಲೆನಾಡಿನ ಮನೆಗಳಲ್ಲಿ ಮೇ ತಿಂಗಳ ಕೊನೆಯ ಎರಡು ವಾರ ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚಾಪೆ, ಹಳೆಯ ಸೀರೆ, ತಾಡಪಾಲುಗಳ ಮೇಲೆ ಮೆಣಸಿನಕಾಯಿ, ಕೊತ್ತಂಬರಿ ಬೀಜ, ತೊಗರಿಬೇಳೆ, ಹೆಸರುಕಾಳು, ಹಪ್ಪಳ, ಸಂಡಿಗೆಗಳು ಒಣಗುತ್ತಿರುತ್ತವೆ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ನಂಬಿಕೆಯ ಬಿಸಿಲು ಮತ್ತೆ ಕಾಣುವುದು ಸೆಪ್ಟೆಂಬರ್ ಕಳೆದ ಮೇಲೆಯೇ. ಆ ನಾಲ್ಕು ತಿಂಗಳು ಅಡುಗೆಮನೆಯ ದವಸ ಕೆಡದಂತೆ ಉಳಿಯಬೇಕಾದರೆ ಏನೇನು ಮಾಡಬೇಕು, ಯಾವುದರ ನಂತರ ಯಾವುದನ್ನು ಮಾಡಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಬೆಂಗಳೂರಿನ ಫ್ಲ್ಯಾಟಿನಲ್ಲಿರುವವರಿಗೆ ಅಂಗಳವಿಲ್ಲದಿದ್ದರೂ ಕ್ರಮ ಇದೇ. ಬಿಸಿಲಿನ ಬದಲಿಗೆ ಬಳಸಬಹುದಾದ ಉಪಾಯಗಳನ್ನೂ ಜೊತೆಯಲ್ಲೇ ಹೇಳಿದ್ದೇನೆ.

ಬಹಳ ಜನ ಹುಳು ಬಂದ ಮೇಲೆ ಡಬ್ಬಿಯನ್ನು ದೂರುತ್ತಾರೆ. ಮುಚ್ಚಳ ಸರಿಯಾಗಿ ಕೂರಲಿಲ್ಲ, ಸಂದಿಯಿಂದ ಹುಳು ನುಗ್ಗಿತು ಎಂದುಕೊಳ್ಳುತ್ತಾರೆ. ಹಾಗಾಗುವುದೂ ಉಂಟು, ಆದರೆ ಹೆಚ್ಚಿನ ಸಲ ಹುಳು ಧಾನ್ಯದ ಜೊತೆಯಲ್ಲೇ ಮನೆಗೆ ಬಂದಿರುತ್ತದೆ. ಅಕ್ಕಿಯಲ್ಲಿ ಕಾಣುವ ಮೂತಿಹುಳು ಕಾಳಿನಲ್ಲಿ ಸಣ್ಣ ತೂತು ಕೊರೆದು, ಅದರೊಳಗೆ ಒಂದು ಮೊಟ್ಟೆಯಿಟ್ಟು, ತೂತನ್ನು ಅಂಟಿನಂಥ ಪದಾರ್ಥದಿಂದ ಮುಚ್ಚಿಬಿಡುತ್ತದೆ. ಮರಿ ಕಾಳಿನ ಒಳಗೇ ತಿಂದು ಬೆಳೆಯುತ್ತದೆ. ನಮ್ಮ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ದೊಡ್ಡ ಹುಳುವಾಗಿ ಹೊರಬರುವವರೆಗೂ ನಮ್ಮ ಕಣ್ಣಿಗೆ ಆ ಕಾಳು ಚೊಕ್ಕವಾಗಿಯೇ ಕಾಣುತ್ತದೆ. ಹೆಸರು, ಅಲಸಂದೆ, ತೊಗರಿ, ಕಡಲೆಗಳಿಗೆ ಬೀಳುವ ಕಾಳುಹುಳು ಹೊಲದಲ್ಲಿ ಕಾಯಿ ಬಲಿಯುವಾಗಲೇ ಮೊಟ್ಟೆ ಅಂಟಿಸಲು ಆರಂಭಿಸುತ್ತದೆ. ಆದ್ದರಿಂದ ದವಸ ಉಳಿಯುವುದೋ ಕೆಡುವುದೋ ಎಂಬುದು ಬಹುಮಟ್ಟಿಗೆ ಮುಚ್ಚಳ ಹಾಕುವ ಮೊದಲು ನಾವು ಮಾಡಿದ ಕೆಲಸದ ಮೇಲೆ ನಿಂತಿದೆ. ಮುಚ್ಚಳದ ಕೆಲಸ ಆ ಮೇಲಿನದು.

ತಂದ ದಿನ ಮಾಡಬೇಕಾದದ್ದು

ಅಂಗಡಿಯಿಂದಲೋ ಸಂತೆಯಿಂದಲೋ ಹೊಲದಿಂದಲೋ ಬಂದ ದವಸವನ್ನು ನೇರವಾಗಿ ಉಗ್ರಾಣಕ್ಕೆ ಒಯ್ಯಬೇಡಿ. ಬೇರೆ ಕೋಣೆಯಲ್ಲಿ ಬಿಳಿಯ ಬಟ್ಟೆಯ ಮೇಲೆ ಒಂದೊಂದು ಹಿಡಿ ಹರಡಿ, ಬೆಳಕಿನಲ್ಲಿ ನೋಡಿ. ಇಡೀ ಕಾಳುಗಳ ಮೇಲೆ ಸುಣ್ಣದ ಹನಿಯಂಥ ಬಿಳಿ ಚುಕ್ಕೆಗಳಿದ್ದರೆ ಅವು ಕಾಳುಹುಳುವಿನ ಮೊಟ್ಟೆಗಳು. ಗುಂಡನೆಯ ತೂತುಗಳಿದ್ದರೆ ಒಂದು ತಲೆಮಾರು ಆಗಲೇ ಹೊರಬಂದಿದೆ ಎಂದು ಅರ್ಥ. ರವೆ, ಹಿಟ್ಟು, ಶೇಂಗಾಗಳಲ್ಲಿ ಜೇಡರ ಬಲೆಯಂಥ ಎಳೆಗಳು ಹರಳುಗಳನ್ನು ಗಂಟು ಕಟ್ಟಿದ್ದರೆ ಅದು ಪತಂಗದ ಮರಿಯ ಕೆಲಸ. ಕೊತ್ತಂಬರಿ, ಅರಿಶಿನದ ಕೊಂಬು, ಒಣಶುಂಠಿಗಳಲ್ಲಿ ಸೂಜಿಮೊನೆಯಷ್ಟು ತೂತು ಹಾಗೂ ನುಣ್ಣನೆಯ ಪುಡಿ ಕಂಡರೆ ಕಂದುಬಣ್ಣದ ಪುಟ್ಟ ದುಂಡು ಹುಳು ಒಳಗಿದೆ. ಕೈಗೆ ಹಿಟ್ಟಿನಂತೆ ಅಂಟುವ ಪುಡಿಯೂ ಒಂದು ಗುರುತೇ.

ನೋಡಿದ ಮೇಲೆ ಮೊರದಲ್ಲಿ ಕೇರಿ, ಒಂದರಿಯಲ್ಲಿ ಆಡಿಸಿ, ನುಚ್ಚು, ಹೊಟ್ಟು, ಒಡಕುಗಳನ್ನು ಬೇರೆ ಮಾಡಬೇಕು. ಈ ಹಸನು ಮಾಡುವ ಕೆಲಸವನ್ನು ಪ್ಯಾಕೆಟ್ಟಿನ ಕಾಲದಲ್ಲಿ ನಾವು ಬಿಟ್ಟೇಬಿಟ್ಟಿದ್ದೇವೆ, ಆದರೆ ಅದಕ್ಕೆ ಗಟ್ಟಿಯಾದ ಕಾರಣವಿದೆ. ರವೆ ಮತ್ತು ಹಿಟ್ಟಿನಲ್ಲಿ ಕಾಣುವ ಕೆಂಪುಹುಳುವಿಗೆ ಗಟ್ಟಿಯಾದ ಇಡೀ ಕಾಳನ್ನು ಕಚ್ಚುವುದು ಕಷ್ಟ. ಅದು ಬದುಕುವುದು ನುಚ್ಚು ಮತ್ತು ಪುಡಿಯ ಮೇಲೆ. ನುಚ್ಚು ತೆಗೆದರೆ ಅದರ ಊಟವನ್ನೇ ತೆಗೆದಂತೆ.

ಒಣಗಿಸುವುದು, ಆರಿಸುವುದು

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ ಹಂತ ಇದು. ಧಾನ್ಯದಲ್ಲಿ ನೀರಿನ ಅಂಶ ನೂರಕ್ಕೆ ಹನ್ನೆರಡರ ಆಸುಪಾಸಿಗೆ ಇಳಿದಿದ್ದರೆ ಬೂಷ್ಟು ಬೆಳೆಯುವುದಿಲ್ಲ, ಹುಳುವಿನ ಸಂತಾನವೂ ನಿಧಾನವಾಗುತ್ತದೆ. ಸಿಪ್ಪೆ ಸಹಿತ ಶೇಂಗಾ ಇನ್ನೂ ಒಣಗಿರಬೇಕು, ನೂರಕ್ಕೆ ಎಂಟರಷ್ಟು. ಮನೆಯಲ್ಲಿ ಅಳೆಯುವ ಯಂತ್ರ ಇರುವುದಿಲ್ಲವಾದ್ದರಿಂದ ಉಪ್ಪಿನ ಪರೀಕ್ಷೆ ಮಾಡಿಕೊಳ್ಳಬಹುದು. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಯಲ್ಲಿ ಮೂರರಲ್ಲೊಂದು ಭಾಗ ಕಾಳು ಹಾಕಿ, ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಆರಿಸಿದ ಪುಡಿ ಉಪ್ಪನ್ನು ಎರಡು ಮೂರು ಚಮಚ ಸೇರಿಸಿ, ಮುಚ್ಚಿ ಒಂದು ನಿಮಿಷ ಕುಲುಕಿ, ಕಾಲು ಗಂಟೆ ಹಾಗೇ ಬಿಡಿ. ಉಪ್ಪು ಬಾಟಲಿಯ ಗೋಡೆಗೆ ಅಂಟಿಕೊಂಡರೆ ಕಾಳಿನಲ್ಲಿ ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ನೀರಿದೆ. ಅದನ್ನು ಯಾವ ಕಾರಣಕ್ಕೂ ಮುಚ್ಚಿಡಬಾರದು. ಉಪ್ಪು ಅಂಟದಿದ್ದ ಮೇಲೆಯೂ ಇನ್ನೊಂದು ಬಿಸಿಲು ಕೊಡುವುದು ಲೇಸು, ಏಕೆಂದರೆ ಈ ಪರೀಕ್ಷೆ ತೀರಾ ಹಸಿಯಾದುದನ್ನು ಮಾತ್ರ ಹಿಡಿದುಕೊಡುತ್ತದೆ. ಹಲ್ಲಿನಲ್ಲಿ ಕಚ್ಚಿದಾಗ ಕಟಕ್ಕೆಂದು ಒಡೆಯುವ ಕಾಳು ಒಣಗಿದ ಕಾಳು. ಮೆತ್ತಗೆ ಚಪ್ಪಟೆಯಾಗುವುದು ಹಸಿ.

ಬಿಸಿಲಿಗೆ ಹರಡುವಾಗ ದಪ್ಪ ಒಂದು ಬೆರಳಿನಗಲ ಮೀರದಿರಲಿ. ಬೆಳಿಗ್ಗೆ ನೆಲದ ತೇವ ಆರಿದ ಮೇಲೆ ಹರಡಿ, ಗಂಟೆಗೊಮ್ಮೆ ಕೈಯಾಡಿಸಿ, ಸಂಜೆ ನಾಲ್ಕರ ಒಳಗೆ ಒಳಗೆ ತನ್ನಿ. ಬೇಳೆ, ಕಾಳು, ಮೆಣಸಿನಕಾಯಿ, ರಾಗಿ, ಜೋಳ, ಗೋಧಿಗಳಿಗೆ ಎರಡು ಮೂರು ಬಿಸಿಲು ಒಳ್ಳೆಯದು. ಅಕ್ಕಿಯನ್ನು ಮಾತ್ರ ಸುಡುಬಿಸಿಲಿಗೆ ಹಾಕಬಾರದು. ಪಾಲಿಶ್ ಆದ ಅಕ್ಕಿಯ ಕಾಳು ಥಟ್ಟನೆ ಒಣಗಿದರೆ ಒಳಗೊಳಗೇ ಬಿರುಕು ಬಿಟ್ಟು, ಬೇಯಿಸಿದಾಗ ಅನ್ನ ನುಚ್ಚುನುಚ್ಚಾಗುತ್ತದೆ. ಅದಕ್ಕೆ ಬೆಳಗಿನ ಎಳೆಬಿಸಿಲು, ಇಲ್ಲವೇ ಗಾಳಿಯಾಡುವ ನೆರಳು ಸಾಕು.

ಇನ್ನು ಆರಿಸುವ ಮಾತು. ಒಮ್ಮೆ ಮೋಡ ಕವಿದದ್ದು ಕಂಡು ಅವಸರದಲ್ಲಿ ಬಿಸಿಬಿಸಿ ತೊಗರಿಬೇಳೆಯನ್ನು ಹಾಗೆಯೇ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಿದ್ದೆ. ಹತ್ತು ದಿನಕ್ಕೆ ತೆರೆದಾಗ ಮುಚ್ಚಳದ ಅಡಿಯಲ್ಲಿ ನೀರಿನ ಕಲೆ, ಮೇಲಿನ ಪದರದ ಬೇಳೆಗೆ ಮುಗ್ಗಲು ವಾಸನೆ. ಮೂರು ಬಿಸಿಲು ಕಂಡ ಬೇಳೆ ಅದು. ಬಿಸಿ ಕಾಳಿನಿಂದ ಏಳುವ ಆವಿ ತಣ್ಣನೆಯ ಲೋಹಕ್ಕೆ ತಾಗಿ ಹನಿಗಟ್ಟಿ ಮತ್ತೆ ಕಾಳಿನ ಮೇಲೆಯೇ ಬೀಳುತ್ತದೆ. ಆದ್ದರಿಂದ ಒಳಗೆ ತಂದ ದವಸವನ್ನು ತೆಳುವಾದ ಬಟ್ಟೆ ಹೊದಿಸಿ, ಒಳಗೆ ಕೈ ತೂರಿಸಿದರೆ ಬೆಚ್ಚಗೆ ಅನ್ನಿಸದಷ್ಟು ಪೂರ್ತಿ ಆರಿದ ಮೇಲೆಯೇ ತುಂಬಬೇಕು. ಬಟ್ಟೆ ಏಕೆಂದರೆ, ಮುಸ್ಸಂಜೆಯಲ್ಲಿ ಹಾರಾಡುವ ಪತಂಗಗಳು ತೆರೆದ ದವಸದ ಮೇಲೆ ಮೊಟ್ಟೆಯಿಡಬಾರದು ಎಂದು. ಹಾಗೆಂದು ರಾತ್ರಿಯಿಡೀ ಬಿಟ್ಟರೆ ಮಳೆಗಾಲದ ಗಾಳಿಯಿಂದ ಅದು ತೇವವನ್ನು ಮತ್ತೆ ಹೀರಿಕೊಳ್ಳುತ್ತದೆ. ಆರಿದ ಕೂಡಲೇ ತುಂಬಿ.

ಒಳಗಿರುವ ಮೊಟ್ಟೆ ಮರಿಗಳನ್ನು ಕೊಲ್ಲುವುದು

ಸಾಧಾರಣ ಬಿಸಿಲಿಗೆ ದೊಡ್ಡ ಹುಳುಗಳು ಓಡಿಹೋಗುತ್ತವೆ, ಕಾಳಿನೊಳಗಿನ ಮರಿಗಳು ಬದುಕಿ ಉಳಿಯುತ್ತವೆ. ಅವನ್ನು ಕೊಲ್ಲಲು ಇನ್ನಷ್ಟು ಬಿಸಿ ಬೇಕು, ಇಲ್ಲವೇ ತೀರಾ ಚಳಿ ಬೇಕು.

ಅಂಗಳವಿದ್ದವರು ಹೀಗೆ ಮಾಡಬಹುದು. ಗೋಣಿಚೀಲ ಅಥವಾ ಒಣಹುಲ್ಲಿನ ಮೇಲೆ ಕಪ್ಪು ಪ್ಲಾಸ್ಟಿಕ್ ಹಾಸಿ, ಈಗಾಗಲೇ ಒಣಗಿಸಿದ ಕಾಳನ್ನು ಒಂದು ಬೆರಳಿನ ದಪ್ಪಕ್ಕೆ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆಲ್ಲ ಕಲ್ಲು ಹೇರಬೇಕು. ಒಳ್ಳೆಯ ಬಿಸಿಲಿರುವ ದಿನ ನಡುಮಧ್ಯಾಹ್ನ ಎರಡು ಗಂಟೆ ಬಿಟ್ಟರೆ ಒಳಗಿನ ಬಿಸಿ 57 ಡಿಗ್ರಿ ದಾಟುತ್ತದೆ; ಆ ಬಿಸಿಯಲ್ಲಿ ಒಂದು ಗಂಟೆ ಇದ್ದರೆ ಕಾಳುಹುಳುವಿನ ಮೊಟ್ಟೆ, ಮರಿ ಎಲ್ಲವೂ ಸಾಯುತ್ತವೆ. ಹಸಿ ಕಾಳಿಗೆ ಇದನ್ನು ಮಾಡಿದರೆ ಒಳಗೇ ಬೆವತು ಕೆಡುತ್ತದೆ, ಬಿತ್ತನೆಗೆ ಇಟ್ಟ ಬೀಜಕ್ಕಂತೂ ಮಾಡದಿರುವುದೇ ಕ್ಷೇಮ.

ಬಿಸಿಲಿಲ್ಲದವರಿಗೆ ಫ್ರೀಜರ್ ಇದೆ. ಒಂದೆರಡು ಕಿಲೋದ ಪ್ಯಾಕೆಟ್ಟುಗಳನ್ನು ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇಟ್ಟರೆ ಮೊಟ್ಟೆಯೂ ಉಳಿಯುವುದಿಲ್ಲ. ಹೊರತೆಗೆದ ಮೇಲೆ ಪ್ಯಾಕೆಟ್ಟನ್ನು ಕೂಡಲೇ ಬಿಚ್ಚದೆ, ಅದು ಕೋಣೆಯ ಹದಕ್ಕೆ ಬರುವವರೆಗೆ ಒಂದು ದಿನ ಹಾಗೆಯೇ ಬಿಡಬೇಕು. ಬಿಚ್ಚಿದರೆ ತಣ್ಣನೆಯ ಕಾಳಿನ ಮೇಲೆ ಗಾಳಿಯ ನೀರು ಹನಿಗಟ್ಟುತ್ತದೆ. ರವೆ, ಮೈದಾ, ಕಡಲೆಹಿಟ್ಟು, ಒಣದ್ರಾಕ್ಷಿ, ಗೋಡಂಬಿಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿದಂತೆ ಇಲ್ಲ. ರವೆಯನ್ನು ಘಮ ಬರುವವರೆಗೆ ಹುರಿದು, ಆರಿಸಿ ಇಡುವ ನಮ್ಮ ಹಿರಿಯರ ರೂಢಿಯೂ ಅಷ್ಟೇ ಗಟ್ಟಿ. ಉಪ್ಪಿಟ್ಟಿನ ಅರ್ಧ ಕೆಲಸವೂ ಅಲ್ಲಿಗೇ ಮುಗಿದಿರುತ್ತದೆ.

ಹರಳೆಣ್ಣೆ, ಕೆಮ್ಮಣ್ಣು, ಬೇವು

ಹಳೆಯ ರೂಢಿಗಳಲ್ಲಿ ಕೆಲವು ನಿಜವಾಗಿ ಕೆಲಸ ಮಾಡುತ್ತವೆ, ಕೆಲವು ಅಲ್ಪಸ್ವಲ್ಪ ನೆರವಾಗುತ್ತವೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇಡೀ ಕಾಳುಗಳಿಗೆ ಹರಳೆಣ್ಣೆ ಸವರುವುದು ಮೊದಲನೆಯ ಗುಂಪಿಗೆ ಸೇರಿದ್ದು. ಒಂದು ಕಿಲೋ ಕಾಳಿಗೆ ಒಂದು ಟೀ ಚಮಚ, ಅಂದರೆ ಸುಮಾರು 5 ಮಿಲಿಲೀಟರ್ ಎಣ್ಣೆ ಸಾಕು. ಅಂಗೈಗೆ ಹಚ್ಚಿಕೊಂಡು, ಒಂದೊಂದು ಕಾಳಿಗೂ ಮಿರುಗು ಬರುವವರೆಗೆ ಉಜ್ಜಿ ಉಜ್ಜಿ ಬೆರೆಸಬೇಕು. ಎಣ್ಣೆಯ ಪದರದ ಮೇಲೆ ಹುಳುವಿನ ಮೊಟ್ಟೆ ಗಟ್ಟಿಯಾಗಿ ಅಂಟುವುದಿಲ್ಲ, ಅಂಟಿದ ಮೊಟ್ಟೆಗೂ ಉಸಿರು ಕಟ್ಟುತ್ತದೆ. ಕಾಳಿನೊಳಗೆ ಆಗಲೇ ಸೇರಿಕೊಂಡ ಮರಿಯನ್ನು ಮಾತ್ರ ಎಣ್ಣೆ ಮುಟ್ಟಲಾರದು, ಆದ್ದರಿಂದ ಮೇಲೆ ಹೇಳಿದ ಬಿಸಿ ಅಥವಾ ಚಳಿಯ ಉಪಚಾರ ಮುಗಿದ ನಂತರವೇ ಎಣ್ಣೆ. ಬಳಸುವಾಗ ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಸಲ ತೊಳೆದರೆ ಸಾಕು.

ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಬೀಜದ ಕಾಳಿಗೆ ಒಲೆಯ ಬೂದಿ ಬೆರೆಸುವುದು ಕೂಡ ಅರ್ಥವುಳ್ಳ ಕ್ರಮಗಳೇ. ನುಣ್ಣನೆಯ ಕಣಗಳು ಹುಳುವಿನ ಮೈಮೇಲಿನ ಮೇಣದ ಪದರವನ್ನು ಕೆರೆದು ತೆಗೆಯುವುದರಿಂದ ಅದರ ಮೈಯ ನೀರು ಆರಿ ಅದು ಸಾಯುತ್ತದೆ. ಕಾಳುಗಳ ನಡುವಿನ ಸಂದು ತುಂಬಿ ಅದಕ್ಕೆ ಓಡಾಡಲು ಎಡೆಯೂ ಇಲ್ಲದಾಗುತ್ತದೆ. ಇದೇ ಕಾಳುಗಳನ್ನು ಒಡೆದು ಬೇಳೆ ಮಾಡಿಟ್ಟರೆ ಕಾಳುಹುಳುವಿನ ಕಾಟ ತಾನಾಗಿ ಕಡಿಮೆಯಾಗುತ್ತದೆ, ಏಕೆಂದರೆ ಅದು ಮೊಟ್ಟೆಯಿಡಲು ಬಯಸುವುದು ನುಣುಪಾದ ಇಡೀ ಕಾಳನ್ನು.

ಬೇವಿನ ಸೊಪ್ಪು, ಲಕ್ಕಿ ಸೊಪ್ಪು, ಲವಂಗ, ಒಣಮೆಣಸಿನಕಾಯಿಗಳು ಎರಡನೆಯ ಗುಂಪಿನವು. ಇವುಗಳ ಘಾಟು ಹೊಸ ಹುಳುಗಳನ್ನು ಸ್ವಲ್ಪ ದೂರವಿಡುತ್ತದೆ, ಒಳಗಿರುವುದನ್ನು ಕೊಲ್ಲುವುದಿಲ್ಲ. ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿದ ಸೊಪ್ಪನ್ನು ಮಾತ್ರ ಹಾಕಿ. ಹಸಿ ಸೊಪ್ಪು ಹಾಕಿದರೆ ನಾವೇ ಡಬ್ಬಿಯೊಳಗೆ ತೇವವನ್ನು ಇಟ್ಟಂತಾಗುತ್ತದೆ.

ಇನ್ನು ಬಳಸಲೇಬಾರದವು. ಅಕ್ಕಿಗೆ ಬೋರಿಕ್ ಪುಡಿ ಬೆರೆಸುವ ರೂಢಿ ಅನೇಕ ಮನೆಗಳಲ್ಲಿದೆ, ದಯವಿಟ್ಟು ಬಿಟ್ಟುಬಿಡಿ. ಅದು ಹೊಟ್ಟೆಗೆ ಹೋಗಬೇಕಾದ ವಸ್ತುವಲ್ಲ, ತೊಳೆದರೆ ಪೂರ್ತಿ ಹೋಯಿತೆಂಬ ಭರವಸೆಯೂ ಇಲ್ಲ. ನುಸಿಗುಳಿಗೆ ಬಟ್ಟೆಯ ಬೀರುವಿಗೆ ಸೇರಿದ್ದು, ದವಸದ ಹತ್ತಿರ ಸುಳಿಯಬಾರದು. ಎಲ್ಲಕ್ಕಿಂತ ಘೋರವಾದದ್ದು ಗೋದಾಮುಗಳಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ. ಗಾಳಿಯ ತೇವ ತಗುಲಿದರೆ ಸಾಕು, ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ದವಸದ ಕೋಣೆಯಲ್ಲಿಟ್ಟ ಮಾತ್ರೆಯಿಂದ ಪಕ್ಕದ ಕೋಣೆಯಲ್ಲಿ ಮಲಗಿದ್ದವರು ಸತ್ತ ಪ್ರಕರಣಗಳು ನಮ್ಮ ದೇಶದಲ್ಲಿ ಮತ್ತೆ ಮತ್ತೆ ನಡೆದಿವೆ, ಆ ವಿಷಕ್ಕೆ ಪ್ರತ್ಯೌಷಧವೂ ಇಲ್ಲ. ಯಾರಾದರೂ ಪ್ರೀತಿಯಿಂದ ತಂದುಕೊಟ್ಟರೂ ಮನೆಯೊಳಗೆ ಸೇರಿಸಬೇಡಿ.

ತುಂಬುವುದು, ಮುಚ್ಚುವುದು

ಬಯಲುಸೀಮೆಯ ಹಗೇವುಗಳ ಬಗ್ಗೆ ಕೇಳಿದವರಿಗೆ ಈ ಹಂತ ಬೇಗ ಅರ್ಥವಾಗುತ್ತದೆ. ನೆಲದಲ್ಲಿ ತೋಡಿದ ಆ ಗುಂಡಿಗಳಿಗೆ ರಾಗಿ ತುಂಬಿ, ಬಾಯಿಯನ್ನು ಕಲ್ಲುಚಪ್ಪಡಿ ಮತ್ತು ಮಣ್ಣಿನಿಂದ ಮೆತ್ತಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಂದು ಕಾರಣ ರಾಗಿಯೇ. ಕಾಳು ಬಹಳ ಸಣ್ಣದಾದ್ದರಿಂದ ಒಳಗೆ ಕೂತು ಬೆಳೆಯುವ ಮರಿಗೆ ಅಲ್ಲಿ ಜಾಗವಿಲ್ಲ. ಇನ್ನೊಂದು ಕಾರಣ ಗಾಳಿ. ಮುಚ್ಚಿದ ಗುಂಡಿಯಲ್ಲಿ ಕಾಳು ಮತ್ತು ಹುಳುಗಳ ಉಸಿರಾಟಕ್ಕೇ ಆಮ್ಲಜನಕ ಮುಗಿದು, ಉಳಿದ ಹುಳುಗಳೂ ಉಸಿರುಗಟ್ಟಿ ಸಾಯುತ್ತವೆ. ಹಗೇವು ತೆರೆದ ಕೂಡಲೇ ಯಾರೂ ಒಳಗೆ ಇಳಿಯದೆ, ಮೊದಲು ದೀಪ ಇಳಿಸಿ ಅದು ಆರುತ್ತದೆಯೋ ಎಂದು ನೋಡುತ್ತಿದ್ದುದು ಈ ಕಾರಣಕ್ಕೇ.

ಅದೇ ತತ್ವವನ್ನು ಅಡುಗೆಮನೆಗೆ ತರಬಹುದು. ಕಾಳನ್ನು ಕಂಠಪೂರ್ತಿ ತುಂಬಿ, ತಟ್ಟಿ ಕುಳ್ಳಿರಿಸಿ, ಗಾಳಿಗೆ ಎಡೆಯಿಲ್ಲದಂತೆ ಬಿಗಿಯಾಗಿ ಮುಚ್ಚಬೇಕು. ಅರ್ಧ ಖಾಲಿ ಇರುವ ದೊಡ್ಡ ಡಬ್ಬಿಗಿಂತ ಪೂರ್ತಿ ತುಂಬಿದ ನಾಲ್ಕು ಚಿಕ್ಕ ಡಬ್ಬಿಗಳು ಎಷ್ಟೋ ಮೇಲು. ಒತ್ತಿ ಮುಚ್ಚುವ ಸ್ಟೀಲ್ ಡಬ್ಬಿಗಳು ಇಲಿ, ಇರುವೆಗಳನ್ನು ತಡೆಯುತ್ತವೆ, ಗಾಳಿಯನ್ನು ತಡೆಯುವುದಿಲ್ಲ. ರಬ್ಬರ್ ಸುತ್ತು ಇರುವ ಅಥವಾ ತಿರುಗಿಸಿ ಬಿಗಿಯುವ ಮುಚ್ಚಳದ ಗಾಜಿನ ಜಾಡಿ, ತೊಳೆದು ಪೂರ್ತಿ ಒಣಗಿಸಿದ ನೀರಿನ ಬಾಟಲಿ ಇವು ಆ ಕೆಲಸಕ್ಕೆ ತಕ್ಕವು. ಅಂಗಡಿಯ ತೆಳು ಪ್ಲಾಸ್ಟಿಕ್ ಚೀಲವನ್ನು ನೆಚ್ಚಬೇಡಿ, ಕೆಲವು ಹುಳುಗಳು ಅದನ್ನು ಕೊರೆದೇ ದಾಟುತ್ತವೆ. ದಿನಬಳಕೆಗೆ ಒಂದು ಚಿಕ್ಕ ಡಬ್ಬಿ ಬೇರೆ ಇರಲಿ. ಪ್ರತಿದಿನ ತೆರೆಯುವ ಡಬ್ಬಿಗೆ ಪ್ರತಿದಿನ ಮಳೆಗಾಲದ ಗಾಳಿ ನುಗ್ಗುತ್ತದೆ, ಆದ್ದರಿಂದ ದಾಸ್ತಾನನ್ನು ವಾರಕ್ಕೊಮ್ಮೆಗಿಂತ ಹೆಚ್ಚು ತೆರೆಯದ ಹಾಗೆ ನೋಡಿಕೊಳ್ಳಿ.

ತುಂಬುವ ಮೊದಲು ಡಬ್ಬಿಯ ತಳದ ಮೂಲೆ, ಮುಚ್ಚಳದ ಸುರುಳಿಗಳಲ್ಲಿ ಸಿಕ್ಕಿಕೊಂಡ ಹಳೆಯ ಹಿಟ್ಟನ್ನು ಬಿಸಿನೀರಿನಿಂದ ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು. ಹಳೆಯದು ತಳದಲ್ಲಿ ಒಂದು ಮುಷ್ಟಿ ಉಳಿದಿದ್ದರೂ ಅದರ ಮೇಲೆ ಹೊಸದನ್ನು ಸುರಿಯಬಾರದು. ಒಳ್ಳೆಯ ದವಸಕ್ಕೆ ಹುಳು ಹಿಡಿಯುವುದು ಹೆಚ್ಚಾಗಿ ಈ ಒಂದು ತಪ್ಪಿನಿಂದ.

ತೇವ ಹೀರಲು ಸಿಲಿಕಾ ಜೆಲ್ ಪೊಟ್ಟಣ ಇಡುವುದಾದರೆ ಆಹಾರಕ್ಕೆಂದೇ ಮಾರುವ ಬಿಳಿಯದನ್ನು ಬಳಸಿ. ಬಣ್ಣ ಬದಲಿಸುವ ನೀಲಿ ಹರಳುಗಳಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಅವು ಆಹಾರದ ಡಬ್ಬಿಗೆ ಬೇಡ. ಪುಡಿ ಉಪ್ಪಿನ ಜಾಡಿಯಲ್ಲಿ ಹುರಿದ ಅಕ್ಕಿಯ ಪುಟ್ಟ ಗಂಟು ಇಟ್ಟರೂ ಸಾಕಾಗುತ್ತದೆ. ಡಬ್ಬಿಗಳನ್ನು ಬರಿನೆಲಕ್ಕೆ ಇಡದೆ ಮಣೆ ಅಥವಾ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರದಲ್ಲಿ ಇಡಿ. ಒಲೆಯ ಮೇಲ್ಗಡೆಯ ಕಪಾಟು ಕೈಗೆ ಹತ್ತಿರ ನಿಜ, ಆದರೆ ಬಿಸಿ ಮತ್ತು ಆವಿ ಎರಡೂ ಅಲ್ಲಿಗೇ ಏರುತ್ತವೆ.

ಕೆಲವು ಪದಾರ್ಥಗಳ ವಿಚಾರ

ಹಿಟ್ಟುಗಳನ್ನು ಮಳೆಗಾಲಕ್ಕೆಂದು ಕೂಡಿಡಬೇಡಿ. ಧಾನ್ಯವನ್ನು ಇಟ್ಟುಕೊಂಡು ಹದಿನೈದು ದಿನಕ್ಕೆ ಬೇಕಾದಷ್ಟನ್ನು ಮಾತ್ರ ಗಿರಣಿಗೆ ಕೊಡಿ. ಸಜ್ಜೆ ಹಿಟ್ಟಂತೂ ಅದರ ಎಣ್ಣೆಯ ಅಂಶದಿಂದಾಗಿ ಬೇಗ ಕಹಿಯಾಗುತ್ತದೆ. ಬೆಲ್ಲವು ಗಾಳಿಯ ನೀರನ್ನು ಎಳೆದು ಬೆವರುವ ವಸ್ತುವಾದ್ದರಿಂದ ಅದಕ್ಕೆ ಎಲ್ಲಕ್ಕಿಂತ ಬಿಗಿಯಾದ ಜಾಡಿ ಬೇಕು. ಮೆಣಸಿನಕಾಯಿಯನ್ನು ತೊಟ್ಟಿನ ಸಹಿತ, ಅಲುಗಾಡಿಸಿದರೆ ಬೀಜ ಗಲಗಲ ಎನ್ನುವಷ್ಟು ಒಣಗಿಸಿ, ಬೆಳಕು ಬೀಳದ ಕಡೆ ಇಡಿ. ಬ್ಯಾಡಗಿಯ ಬಣ್ಣ ಬೆಳಕಿಗೆ ಮಾಸುತ್ತದೆ. ಶೇಂಗಾ ಸಿಪ್ಪೆಯಲ್ಲಿದ್ದಷ್ಟು ದಿನ ಸುರಕ್ಷಿತ. ಒಣಕೊಬ್ಬರಿಯ ಗಿಟುಕುಗಳನ್ನು ತೊಗರಿಬೇಳೆಯ ನಡುವೆ ಹುಗಿದಿಡುವ ರೂಢಿ ಒಳ್ಳೆಯದೇ, ಆದರೆ ಗಿಟುಕಿನ ಒಳಮೈ ಪೂರ್ತಿ ಒಣಗಿರಬೇಕು, ಇಲ್ಲವಾದರೆ ಬೇಳೆಯೂ ಕೆಡುತ್ತದೆ.

ಹದಿನೈದು ದಿನಕ್ಕೊಮ್ಮೆ, ಮತ್ತು ಹುಳು ಕಂಡಾಗ

ಹುಳುವಿನ ಒಂದು ತಲೆಮಾರಿಗೆ ಸುಮಾರು ಒಂದು ತಿಂಗಳು ಬೇಕು. ಆದ್ದರಿಂದ ಹದಿನೈದು ದಿನಕ್ಕೊಮ್ಮೆ, ಮಳೆ ಬಿಟ್ಟ ಹೊತ್ತಿನಲ್ಲಿ, ಒಣ ಕೈಯಿಂದ ಪ್ರತಿ ಡಬ್ಬಿಯನ್ನೂ ನೋಡಿದರೆ ಎರಡನೆಯ ತಲೆಮಾರು ಹುಟ್ಟುವ ಮುನ್ನ ತಡೆಯಬಹುದು. ಡಬ್ಬಿಯ ಮೇಲೆ ತುಂಬಿದ ದಿನಾಂಕ ಬರೆದಿಡಿ. ಗಾಜಿನ ಗೋಡೆಯ ಮೇಲೆ ಧೂಳಿನ ಕಣದಂತೆ ಹರಿದಾಡುವ ಬಿಳಿ ನುಸಿ ಕಂಡರೆ ಒಳಗೆ ತೇವವಿದೆ ಎಂದು ತಿಳಿಯಿರಿ. ಅದು ಬೂಷ್ಟನ್ನು ತಿಂದು ಬದುಕುವ ಜೀವಿ.

ಅಕ್ಕಿಯಲ್ಲಿ ನಾಲ್ಕಾರು ಮೂತಿಹುಳು ಕಂಡರೆ ಎಸೆಯಬೇಕಿಲ್ಲ. ನೆರಳಿನಲ್ಲಿ ಹರಡಿ, ಹುಳುಗಳು ಹೊರಹೋದ ಮೇಲೆ ಜರಡಿ ಹಿಡಿದು, ಫ್ರೀಜರಿನಲ್ಲಿಟ್ಟು ಬಳಸಬಹುದು. ತೂತುಬಿದ್ದ ಕಾಳುಗಳೇ ಹೆಚ್ಚಾಗಿದ್ದರೆ, ನೀರಿಗೆ ಹಾಕಿದಾಗ ತೇಲುವುದನ್ನು ತೆಗೆದು ಉಳಿದದ್ದನ್ನು ಅಂದೇ ಬೇಯಿಸಿ ಮುಗಿಸಿ. ಹಿಟ್ಟು ಅಥವಾ ರವೆ ನಸುಗೆಂಪಾಗಿ ಕಟುವಾಸನೆ ಬೀರಿದರೆ, ಅದು ಕೆಂಪುಹುಳು ಬಿಡುವ ಕ್ವಿನೋನ್ ಎಂಬ ರಾಸಾಯನಿಕದ ಪರಿಣಾಮ. ಜರಡಿ ಹಿಡಿದರೆ ಹೋಗುವಂಥದಲ್ಲ, ಎಸೆಯಲೇಬೇಕು.

ಬೂಷ್ಟಿನ ವಿಷಯದಲ್ಲಿ ಕನಿಕರ ಸಲ್ಲದು. ಶೇಂಗಾ, ಮೆಕ್ಕೆಜೋಳ, ಮೆಣಸಿನಕಾಯಿ, ಕೊಬ್ಬರಿಗಳ ಮೇಲೆ ಬೆಳೆಯುವ ಹಳದಿಹಸಿರು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ, ಅದು ಯಕೃತ್ತನ್ನು ಕೆಡಿಸುತ್ತದೆ, ಬೇಯಿಸಿದರೂ ಹುರಿದರೂ ನಾಶವಾಗುವುದಿಲ್ಲ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗಡಿಜಿಲ್ಲೆಗಳಲ್ಲಿ, ಕೊಯ್ಲಿನ ಹೊತ್ತಿಗೆ ಬಿದ್ದ ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಬೇರೆ ದಾರಿಯಿಲ್ಲದೆ ತಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಮೇಲಿನದನ್ನು ತೆಗೆದು ಕೆಳಗಿನದನ್ನು ಬಳಸುತ್ತೇನೆ ಎನ್ನಬೇಡಿ. ದನಕ್ಕೂ ಹಾಕಬೇಡಿ, ಆ ವಿಷದ ಅಂಶ ಹಾಲಿನಲ್ಲಿ ಮತ್ತೆ ನಮ್ಮ ಮನೆಗೇ ಬರುತ್ತದೆ. ಕೋಳಿಗಂತೂ ಅದು ನೇರ ವಿಷ.

ಹುಳು ಬಿದ್ದದ್ದನ್ನು ಎಸೆಯುವಾಗ ಅಡುಗೆಮನೆಯ ಕಸದ ಬುಟ್ಟಿಗೆ ಹಾಕಿದರೆ ಸಂಜೆಯೊಳಗೆ ಹುಳುಗಳು ಪಕ್ಕದ ಡಬ್ಬಿಗೆ ಸೇರಿರುತ್ತವೆ. ಕುದಿಯುವ ನೀರು ಸುರಿದು, ಮನೆಯಿಂದ ದೂರದ ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಮಣ್ಣು ಎಳೆಯಿರಿ. ಆ ಡಬ್ಬಿ ಇದ್ದ ಕಪಾಟಿನ ಹಲಗೆಗಳ ಸಂದುಗಳನ್ನು ಅಂದೇ ಬ್ರಷ್‌ನಿಂದ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಾಗಿಲು ತೆರೆದಿಟ್ಟು ಒಣಗಿದ ಮೇಲೆ ಉಳಿದ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡಿ, ನಂತರ ಒಳಗಿಡಿ.